ಕ್ರಾಂತಿಯ ಮರುದಿನ ಬೆಳಿಗ್ಗೆ ಹತ್ತಕ್ಕೆ

ನಿವೃತ್ತರ ಸಂಘದವರು ಎರಡು ಪುಟ ಬರೆದುಕೊಡಿ ಎಂದು ಕೇಳಿ ಮೂರು ತಿಂಗಳಾಯಿತು. ಹೊಸದಾಗಿ ಬ್ಯಾಂಕಿಗೆ ಸೇರುವ ಹುಡುಗರಿಗೆ ಸ್ಫೂರ್ತಿಯಾಗುವಂತೆ ಇರಲಿ ಅಂದಿದ್ದರು. ಸ್ಫೂರ್ತಿ ನನ್ನ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಬರೆಯಲು ಕೂತರೆ ಐದು ನಿಮಿಷಕ್ಕೆ ಎದ್ದು ಬಾಲ್ಕನಿಗೆ ಹೋಗುತ್ತೇನೆ, ಗಚ್ಚಿಬೌಲಿಯ ಕಾರುಗಳ ಸಾಲಿಗೆ ಬೈಯುತ್ತೇನೆ, ಒಳಗೆ ಬಂದು ಬರೆದದ್ದನ್ನು ಹೊಡೆದುಹಾಕುತ್ತೇನೆ. ನನ್ನ ತಂಗಿ, ಅಂದರೆ ಈ ಮನೆಯ ಯಜಮಾನಿ, ನನ್ನ ಓಡಾಟ ನೋಡಿ ನೋಡಿ ಬೇಸತ್ತು ನಿನ್ನೆ ಹೇಳಿದಳು: "ಶಾಂತಕ್ಕ, ಹೊಟ್ಟ್ಯಾಗ ಇದ್ದದ್ದು ಬರದು ಒಗದುಬಿಡು. ನೆಲದ ಟೈಲ್ಸ್ ಸವೀಲಿಕತ್ತಾವ."

ಸರಿ, ಬರೆಯುತ್ತೇನೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದನ್ನು ಬಿಡುತ್ತೇನೆ. ಅದು ಸರ್ವಿಸ್ ಪುಸ್ತಕದಲ್ಲಿದೆ, ಅಲ್ಲಿಯೇ ಇರಲಿ. ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ್ದು ಒಂದು ಹಾಳೆ ಮತ್ತು ಒಂದು ಚೀಟಿ. ಅವೆರಡರ ಕಥೆ ಹೇಳದೆ ಬೇರೇನು ಹೇಳಿದರೂ ಅದು ಅರ್ಧ ಸುಳ್ಳಾಗುತ್ತದೆ.

ಬ್ಯಾಂಕುಗಳು ಸರ್ಕಾರದ ಕೈಗೆ ಬಂದು ಕೆಲವು ವರ್ಷಗಳಾದ ಮೇಲೆ ನಾನು ಗುಮಾಸ್ತೆಯಾಗಿ ಸೇರಿದೆ. ನಮ್ಮ ಶಾಖೆ ಇದೇ ಊರಿನ ಅಂಚಿಗೆ, ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ಇತ್ತು. ಗಾಳಿ ನಮ್ಮ ಕಡೆ ತಿರುಗಿದ ದಿನ ಔಷಧದ ವಾಸನೆ ನೋಟಿನ ಕಟ್ಟುಗಳಿಗೂ ಹತ್ತುತ್ತಿತ್ತು. ತೆಲುಗರೇ ತುಂಬಿದ್ದ ಆ ಶಾಖೆಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ: ನಾನು, ಮತ್ತು ಹೆಡ್ ಕ್ಯಾಷಿಯರ್ ಗುರುರಾವ್. ರಾಯಚೂರು ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಎಲ್ಲರಿಗೂ ಅವರು ಗುರಣ್ಣ.

ಹಣ ಎಂಬುದೇ ಒಂದು ದಿನ ಈ ಭೂಮಿಯ ಮೇಲಿಂದ ಇಲ್ಲವಾಗುತ್ತದೆ ಎಂದು ನಂಬಿದ್ದ ಮನುಷ್ಯ ಅವರು. ಆ ದಿನ ಬರುವ ತನಕ ಒಂದೇ ಒಂದು ನೋಟು ತಲೆಕೆಳಗಾಗಿ ಕಟ್ಟಿಗೆ ಸೇರಬಾರದು ಎಂಬ ಹಠವೂ ಅವರದ್ದೇ. ನಾನು ಕಟ್ಟಿದ ಕಟ್ಟುಗಳನ್ನು ಬಿಚ್ಚಿ ಮೇಜಿನ ಮೇಲೆ ಹರವಿ, ಮತ್ತೆ ಕಟ್ಟಲು ಹೇಳಿ, ತಾವು ನಶ್ಯ ಏರಿಸಿಕೊಂಡು ಕಾಯುತ್ತ ನಿಲ್ಲುತ್ತಿದ್ದರು. ಮೊದಲ ವರ್ಷ ಅವರನ್ನು ಮನಸ್ಸಿನಲ್ಲೇ ಶಪಿಸಿದ್ದಕ್ಕೆ ಲೆಕ್ಕವಿಲ್ಲ.

ಅದೇ ವರ್ಷ ಒಂದು ತಪ್ಪು ಮಾಡಿದೆ. ಒಬ್ಬ ಹೆಂಗಸು ಕೌಂಟರಿಗೆ ಬಂದು ನೀರಿನಲ್ಲಿ ನೆಂದು ಒಂದಕ್ಕೊಂದು ಅಂಟಿದ ಎರಡು ರೂಪಾಯಿಯ ನೋಟುಗಳ ಒಂದು ಮುದ್ದೆಯನ್ನು ಇಟ್ಟಳು. ಬದಲಿಸಿ ಕೊಡಬೇಕಂತೆ. ನಾನು ಮೂಗು ಮುರಿದು "ಇವು ನಡೆಯುವುದಿಲ್ಲ" ಎಂದು ಹಿಂದಕ್ಕೆ ತಳ್ಳಿದೆ. ಗುರಣ್ಣ ಎಲ್ಲಿಂದ ನೋಡಿದರೋ, ಎದ್ದು ಬಂದರು. ಆ ಮುದ್ದೆಯನ್ನು ತಮ್ಮ ಮೇಜಿಗೆ ಒಯ್ದು, ಒಂದೊಂದಾಗಿ ಬಿಡಿಸಿ, ಪಂಖಾದ ಕೆಳಗೆ ಒಣಗಿಸಿ, ಅಷ್ಟಕ್ಕೂ ಹೊಸ ನೋಟು ಕೊಟ್ಟರು. ಹೆಂಗಸು ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೋಟು ನೆಂದ್ರ ಆಕಿ ದುಡಿಮಿನೂ ನೀರಾಗ ಹೋತೇನು ತಂಗಿ?"

ಆ ಹೆಂಗಸು ಕಮಲಾಬಾಯಿ. ಬೀದರ್ ಜಿಲ್ಲೆಯವಳು. ಒಂದು ಔಷಧ ಕಾರ್ಖಾನೆಯ ಆಫೀಸಿನಲ್ಲಿ ಕಸ ಹೊಡೆಯುತ್ತಿದ್ದಳು. ಆಕೆಯ ಗಂಡ ಮಾಣಿಕ ಅದೇ ಕಾರ್ಖಾನೆಯಲ್ಲಿ ಪುಡಿ ಒಣಗಿಸುವ ಕೆಲಸದಲ್ಲಿದ್ದ. ನಾನೂ ಕನ್ನಡದವಳು ಎಂದು ಗೊತ್ತಾದ ಮೇಲೆ ಇಬ್ಬರೂ ನನ್ನ ಕೌಂಟರಿಗೇ ಬರತೊಡಗಿದರು. ಬೇರೆ ಸಾಲು ಖಾಲಿ ಇದ್ದರೂ ನನ್ನ ಸಾಲಿನಲ್ಲೇ ನಿಲ್ಲುತ್ತಿದ್ದರು.

ಇನ್ನು ಆ ಹಾಳೆಯ ವಿಷಯ. ಬೇಗಂಪೇಟೆಯ ರೈಲು ನಿಲ್ದಾಣದ ಹಿಂದೆ ಗುರಣ್ಣನವರ ಬಾಡಿಗೆ ಮನೆ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಯೂನಿಯನ್ನಿನ ಆರು ಜನ ಸೇರುತ್ತಿದ್ದೆವು. ಅದಕ್ಕೆ ಅಧ್ಯಯನ ಕೂಟ ಎಂದು ಹೆಸರು. ಗುರಣ್ಣ ಓದಿ ಹೇಳುತ್ತಿದ್ದರು, ನಾವು ಜಗಳವಾಡುತ್ತಿದ್ದೆವು, ಅವರ ಹೆಂಡತಿ ಸುಶೀಲಾಬಾಯಿ ಮಂಡಕ್ಕಿಯ ಸೂಸಲಾ ಮಾಡಿಕೊಡುತ್ತಿದ್ದರು. ರೈಲು ಬಂದಾಗ ಕಿಟಕಿ ಗದಗದ ನಡುಗುತ್ತಿತ್ತು. ಆಗ ಎಲ್ಲರೂ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಜಗಳ ಶುರು ಮಾಡುತ್ತಿದ್ದೆವು.

ಒಂದು ಭಾನುವಾರ ಗುರಣ್ಣ ಬ್ಯಾಂಕುಗಳ ಮಾತು ತೆಗೆದರು. ಪ್ಯಾರಿಸ್ಸಿನಲ್ಲಿ ಬಡವರು ಊರನ್ನೇ ಕೈಗೆ ತೆಗೆದುಕೊಂಡಾಗ, ದೊಡ್ಡ ಬ್ಯಾಂಕಿನ ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ಸಾಲ ಕೇಳಿದರಂತೆ. ಒಳಗಿದ್ದ ಚಿನ್ನವನ್ನು ಮುಟ್ಟಲಿಲ್ಲವಂತೆ. ರಷ್ಯಾದಲ್ಲಿ ಇನ್ನೂ ಚೆಂದ. ಕ್ರಾಂತಿಯಾದ ಕೂಡಲೇ ಬ್ಯಾಂಕಿನ ಗುಮಾಸ್ತರೇ ಮುಷ್ಕರ ಹೂಡಿದರು. ರಾಜ್ಯ ಗೆದ್ದವರಿಗೆ ತಿಜೋರಿ ತೆರೆಸಲು ದಿನಗಟ್ಟಲೆ ಒದ್ದಾಟ.

ನನಗೆ ಸಿಟ್ಟು ಬಂತು. ಆ ಗುಮಾಸ್ತರೆಂದರೆ ಯಾರು? ನಮ್ಮಂಥವರೇ.

"ಗುರಣ್ಣ, ಹಂಗಾದ್ರ ನಮ್ಮಲ್ಲಿ ಕ್ರಾಂತಿ ಆದ ಮರುದಿನ ಹತ್ತಕ್ಕ ಬ್ಯಾಂಕಿನ ಬಾಗಲಾ ಯಾರು ತೆಗೀತಾರ್ರಿ?" ಎಂದು ಕೇಳಿದೆ.

"ಕೀಲಿ ಯಾರ ಕಡೆ ಇರ್ತಾವು, ಅವರಽ ತೆಗೀತಾರ."

"ತೆಗದು ಏನು ಮಾಡ್ತಾರ್ರಿ?"

ಗುರಣ್ಣ ನಶ್ಯದ ಡಬ್ಬಿ ತೆಗೆದು ಮತ್ತೆ ಮುಚ್ಚಿದರು. "ಅದನ್ನ ಯಾರೂ ಬರದಿಲ್ಲ ನೋಡು. ನೀ ಬರಿ," ಅಂದರು.

ಹೀಗೆ ಆ ಹಾಳೆ ಹುಟ್ಟಿತು. ಬ್ಯಾಂಕಿನದೇ ಒಂದು ಉದ್ದ ಹಾಳೆ, ಮೇಲೆ "ಮೊದಲ ದಿನ" ಎಂಬ ತಲೆಬರಹ, ಕೆಳಗೆ ನನ್ನ ಅಕ್ಷರದಲ್ಲಿ ಐದು ಕಲಮು. ಒಂದು, ಬ್ಯಾಂಕು ಎಂದಿನಂತೆ ಹತ್ತಕ್ಕೆ ತೆರೆಯತಕ್ಕದ್ದು. ಎರಡು, ಕೂಲಿ ಮತ್ತು ಸಂಬಳದ ಹಣ ಎಲ್ಲಕ್ಕಿಂತ ಮೊದಲು ಹೋಗತಕ್ಕದ್ದು. ಮೂರು, ದೊಡ್ಡ ಖಾತೆಗಳಿಂದ ನಗದು ಹೊರಗೆ ಹೋಗದಂತೆ ತಡೆಯತಕ್ಕದ್ದು. ನಾಲ್ಕು, ಸಣ್ಣ ಉಳಿತಾಯದವರಿಗೆ ಧೈರ್ಯ ಹೇಳತಕ್ಕದ್ದು. ಐದು, ಸಂಜೆ ನಗದು ತಾಳೆಯಾಗತಕ್ಕದ್ದು. ಕೊನೆಯದು ಗುರಣ್ಣನವರದ್ದು. ಕ್ರಾಂತಿಯ ದಿನವೂ ನಗದು ತಾಳೆಯಾಗದಿದ್ದರೆ ಅವರು ಮನೆಗೆ ಹೋಗುವವರಲ್ಲ.

ಮೂರನೇ ಕಲಮಿನ ಬಗ್ಗೆ ಎರಡು ತಿಂಗಳು ಜಗಳ ನಡೆಯಿತು. ದೊಡ್ಡ ಖಾತೆ ಎಂದರೆ ಎಷ್ಟು? ಒಂದು ಗೆರೆ ಎಳೆದೆವು. ಒಬ್ಬರು ತಲೆ ತುರಿಸಿಕೊಂಡು, ತಮ್ಮ ಮಾವನ ಪಿಂಚಣಿಯ ಹಣ ಗೆರೆಯ ಮೇಲೆ ಬರುತ್ತದಲ್ಲ ಎಂದರು. ಗೆರೆ ಸ್ವಲ್ಪ ಮೇಲಕ್ಕೆ ಹೋಯಿತು. ಮುಂದಿನ ವಾರ ಇನ್ನೊಬ್ಬರ ಅತ್ತೆಯ ಹೊಲ ಮಾರಿದ ಹಣದ ಮಾತು ಬಂತು. ವಾರಕ್ಕೊಬ್ಬ ನೆಂಟನನ್ನು ಉಳಿಸಿಕೊಳ್ಳುತ್ತ ಆ ಗೆರೆ ಎಲ್ಲಿಗೆ ಹೋಯಿತೆಂದರೆ, ಇಡೀ ಜೀಡಿಮೆಟ್ಲಾದಲ್ಲಿ ಅದರ ಮೇಲೆ ಉಳಿದವರು ನಾಲ್ಕೈದು ಸೇಠ್‌ಗಳು ಮಾತ್ರ.

ಹಣ ಹೋದ ಮೇಲೆ ನೋಟಿನ ಬದಲು ದುಡಿದ ತಾಸುಗಳನ್ನು ಬರೆದ ಚೀಟಿ ಕೊಡುತ್ತಾರೆ ಎಂದು ಗುರಣ್ಣ ಹೇಳಿದಾಗ ನಾನು ಸುಮ್ಮನಿರಲಿಲ್ಲ. "ಆ ಚೀಟಿ ನೀರಾಗ ನೆಂದ್ರ ಯಾವ ಕೌಂಟರಿಗೆ ಬರಬೇಕ್ರಿ?" ಎಂದೆ. ಸುಶೀಲಾಬಾಯಿ ಒಳಗಿನಿಂದ ಜೋರಾಗಿ ನಕ್ಕರು. ಗುರಣ್ಣನೂ ನಕ್ಕರು.

ಕೂಟ ಎಷ್ಟು ದಿನ ನಡೆದೀತು? ಒಬ್ಬರು ಸ್ಕೂಟರ್ ಸಾಲ ತೆಗೆದರು, ಇನ್ನೊಬ್ಬರು ಮನೆಸಾಲ ತೆಗೆದರು, ಮತ್ತೊಬ್ಬರಿಗೆ ವಿಜಯವಾಡಕ್ಕೆ ವರ್ಗವಾಯಿತು. ಕೊನೆಗೆ ಭಾನುವಾರದ ಸೂಸಲಾಕ್ಕೆ ಹೋಗುವವಳು ನಾನೊಬ್ಬಳೇ ಆದೆ. ಹಾಳೆಯನ್ನು ಗುರಣ್ಣ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಕೆಲವು ವರ್ಷಗಳ ನಂತರ ನಾನು ಅದೇ ಶಾಖೆಯಲ್ಲಿ ಅಧಿಕಾರಿಯಾದೆ. ಹೊಸ ಹುಡುಗರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ: ತಿಜೋರಿಗೆ ಎರಡು ಕೀಲಿ. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಎರಡೂ ತಿರುಗದೆ ಬಾಗಿಲು ಅಲುಗದು. ಒಬ್ಬರ ಮೇಲೊಬ್ಬರಿಗೆ ಕಣ್ಣಿರಲಿ ಎಂದು ಈ ಏರ್ಪಾಡು. ಬ್ಯಾಂಕಿನ ದುರದೃಷ್ಟಕ್ಕೆ, ಅಧ್ಯಯನ ಕೂಟದಲ್ಲಿ ಉಳಿದಿದ್ದ ಇಬ್ಬರ ಕೈಗೇ ಎರಡೂ ಕೀಲಿ ಬಂದವು.

ಮೊದಲ ಬೆಳಿಗ್ಗೆ ಇಬ್ಬರೂ ಕೀಲಿ ತಿರುಗಿಸಿದೆವು. ಗುರಣ್ಣ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕ್ಷಣ ನಿಂತರು.

"ನೋಡು ತಂಗಿ, ಗುಂಡು ಹಾರಲಿಲ್ಲ, ಬಾವುಟ ಏರಲಿಲ್ಲ. ಕೀಲಿ ಎರಡೂ ನಮ್ಮ ಕೈಯಾಗ ಬಂದ್ವು."

"ಈಗೇನು ಮಾಡೂನ್ರಿ?"

"ಮೊದಲ ಧೂಳ ಜಾಡಿಸೂನು. ಒಳಗ ಜೇಡರ ಬಲಿ ಭಾಳ ಆಗೈತಿ."

ನಮ್ಮ ಮ್ಯಾನೇಜರ್ ನಾಯ್ಡು ಅವರನ್ನೂ ಇಲ್ಲಿ ಹೇಳಿಬಿಡುತ್ತೇನೆ. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಯಾವ ಕಾಗದ ಅವರ ಮುಂದೆ ಹೋದರೂ "ಇದರಿಂದ ನನಗೇನೂ ತೊಂದರೆ ಇಲ್ಲವಲ್ಲ?" ಎಂದು ತೆಲುಗಿನಲ್ಲಿ ಕೇಳಿ, ಇಲ್ಲ ಎಂದರೆ ಸಹಿ ಮಾಡುತ್ತಿದ್ದರು. ಇಂಥ ಮೇಲಧಿಕಾರಿಯ ಕೈಕೆಳಗೆ ನಿಮಗೆ ಬೇಕಾದ ಒಳ್ಳೆಯದನ್ನೂ ಮಾಡಬಹುದು, ಕೆಟ್ಟದ್ದನ್ನೂ ಮಾಡಬಹುದು.

ಆ ಹೊತ್ತಿಗೆ ಮಾಣಿಕನ ಕೆಮ್ಮು ಹೆಚ್ಚಾಗಿತ್ತು. ಪುಡಿಯ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದರು. ಬೀದರ್ ಕಡೆ ತನ್ನ ಊರಿಗೆ ಹೋಗಿ ಹಿಟ್ಟಿನ ಗಿರಣಿ ಹಾಕಬೇಕು ಎಂಬುದು ಅವನ ಆಸೆ. ಜಹೀರಾಬಾದಿನಲ್ಲಿ ಯಾರೋ ಹಳೆಯ ಗಿರಣಿ ಮಾರುವವರಿದ್ದರು. ಆದರೆ ಕಾರ್ಖಾನೆಯಲ್ಲಿ ನಾಲ್ಕು ತಿಂಗಳಿಂದ ಪಗಾರ ಆಗಿರಲಿಲ್ಲ. ಕೆಲಸಗಾರರು ಗೇಟಿನ ಮುಂದೆ ಕೂತಿದ್ದರು.

"ನಾಕು ತಿಂಗಳ ಪಗಾರ ಒಮ್ಮೆಲೇ ಕೈಗಿ ಬಂದ್ರ ಗಿರಣಿ ನಂದಽ ಅಕ್ಕಾರ," ಎಂದು ಮಾಣಿಕ ನನ್ನ ಮೇಜಿನ ಮುಂದೆ ನಿಂತು ಹೇಳುತ್ತಿದ್ದ. "ಕಮಲಿ ಜೋಳ ಸುರೀತಾಳ, ನಾ ಹಿಟ್ಟು ಹಿಡೀತೀನಿ. ಹಿಟ್ಟಿನ ಧೂಳಿಗಿ ಯಾರೂ ಸಾಯಂಗಿಲ್ಲ."

ಒಂದು ಗುರುವಾರ ಹತ್ತೂಕಾಲಿಗೆ ಆ ಕಾರ್ಖಾನೆಯ ಸೇಠ್ ತನ್ನ ಲೆಕ್ಕ ಬರೆಯುವ ಮುನೀಮನ ಜೊತೆ ಬಂದ. ಕೈಯಲ್ಲಿ ಎರಡು ಗೋಣಿಚೀಲ. ಖಾತೆಯಲ್ಲಿದ್ದ ಹಣವನ್ನೆಲ್ಲ ನಗದಾಗಿ ತೆಗೆಯುವ ಚೆಕ್ಕು. ಅದರ ಜೊತೆ, ಯಾವ ನೋಟು ಎಷ್ಟೆಷ್ಟು ಬೇಕು ಎಂದು ಬರೆದ ಚೀಟಿ. ದೊಡ್ಡ ಮೊತ್ತ ತೆಗೆಯುವವರು ಅಂಥ ಚೀಟಿ ಕೊಡುವುದು ಆಗಿನ ರೂಢಿ. ಆ ಚೀಟಿಯಲ್ಲಿ ಒಂದು ಪಾಲು ಎರಡು, ಐದು, ಹತ್ತರ ನೋಟುಗಳು. ಉಳಿದದ್ದು ನೂರರ ಕಟ್ಟುಗಳು.

ಸೇಠ್ ಹಿಂದೆಯೇ ಸೈಕಲ್ ತುಳಿದುಕೊಂಡು ಮಾಣಿಕ ಬಂದ. ಅವನ ಹಿಂದೆ ಇನ್ನೂ ಇಪ್ಪತ್ತು ಮೂವತ್ತು ಜನ. ಎಲ್ಲರೂ ಹೊರಗೆ ನಿಂತರು. ಮಾಣಿಕನೊಬ್ಬನೇ ಒಳಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಕ್ಕಾರ, ಸೇಠ್ ಓಡಿ ಹೋಗ್ಲಿಕತ್ತಾನ. ನಮ್ಮ ವಕೀಲರು ಕೋರ್ಟಿಗಿ ಹೋಗ್ಯಾರ. ಎರಡು ಗಂಟಿ ತನಕ ಹ್ಯಾಂಗಾರ ಮಾಡಿ ತಡೀರಿ. ನಿಮ್ಮ ಕಾಲಿಗಿ ಬೀಳ್ತೀನಿ."

ನಾಯ್ಡು ಅವರ ಬಳಿ ಹೋದೆ. ಚೆಕ್ಕು ಸರಿಯಿದ್ದರೆ ಕೊಡಲೇಬೇಕು, ಇಲ್ಲದಿದ್ದರೆ ತಮಗೆ ತೊಂದರೆ ಎಂದರು. ಅವರು ಹೇಳಿದ್ದು ಕಾನೂನು. ಚೆಕ್ಕು ಸರಿಯಾಗಿತ್ತು, ಸಹಿ ಸರಿಯಾಗಿತ್ತು. ನಾನು ಪಾಸು ಮಾಡಿ ಗುರಣ್ಣನವರ ಕೈಗೆ ಕೊಟ್ಟೆ. ಇಬ್ಬರೂ ಕೀಲಿ ಹಿಡಿದು ತಿಜೋರಿಯ ಕೋಣೆಗೆ ಹೋದೆವು.

"ಗುರಣ್ಣ, ಇದಽ ಮೊದಲ ದಿನ ಅಲ್ಲೇನ್ರಿ?"

ಅವರು ನನ್ನ ಮುಖ ನೋಡಿದರು. ಭಾನುವಾರಗಳ ಮನುಷ್ಯ ಅವರ ಕಣ್ಣಿನಲ್ಲಿ ಮತ್ತೆ ಬಂದಿದ್ದ.

"ಇಲ್ಲ ಅನ್ನಾಕ ಬರಂಗಿಲ್ಲ. ರೂಲಿನ ಪ್ರಕಾರ ಮಾಡೂನು," ಅಂದರು.

ಇದು ಯೂನಿಯನ್ನಿನ ಹಳೆಯ ಆಯುಧ. ಮುಷ್ಕರ ಮಾಡಬೇಕಿಲ್ಲ. ಪುಸ್ತಕದಲ್ಲಿರುವ ಪ್ರತಿ ನಿಯಮವನ್ನೂ ಒಂದೂ ಬಿಡದೆ ಪಾಲಿಸಿದರೆ ಸಾಕು, ಮಧ್ಯಾಹ್ನದ ಹೊತ್ತಿಗೆ ಬ್ಯಾಂಕು ತಾನಾಗಿ ನಿಲ್ಲುತ್ತದೆ. ಪ್ರತಿ ಕಟ್ಟನ್ನೂ ಬಿಚ್ಚಿ ಎರಡು ಸಲ ಎಣಿಸಬೇಕು, ಗಿರಾಕಿಯ ಮುಂದೆಯೇ ಎಣಿಸಬೇಕು, ಹರಿದದ್ದನ್ನು ಬೇರೆ ಮಾಡಬೇಕು. ದಿನವೂ ಯಾರು ಅಷ್ಟೆಲ್ಲ ಮಾಡುತ್ತಾರೆ?

ಗುರಣ್ಣ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಸಣ್ಣ ನೋಟು ಅವನಽ ಕೇಳ್ಯಾನ. ಅವುಗಳಿಂದಽ ಚಾಲೂ ಮಾಡೂನು. ಇವು ಮುಗ್ಯೂದ್ರಾಗ ಎರಡು ಹೊಡೀತೈತಿ."

ಹಾಗೆಯೇ ಆಯಿತು. ಎರಡರ ನೋಟು, ಐದರ ನೋಟು, ಹತ್ತರ ನೋಟು. ಗುರಣ್ಣ ಬೆರಳನ್ನು ನೀರಿನ ಸ್ಪಂಜಿಗೆ ಒತ್ತಿ ಒತ್ತಿ, ಒಂದೊಂದು ನೋಟನ್ನೂ ಮದುವೆಯ ಸೀರೆಯಂತೆ ತಿರುಗಿಸಿ ನೋಡಿ ಎಣಿಸಿದರು. ಹೊರಗಿನ ಜನ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು. ಒಂದೊಂದು ಕಟ್ಟು ಬಿಚ್ಚಿದಾಗಲೂ ಅವರ ಮುಖ ಅರಳುತ್ತಿತ್ತು. ಸೇಠ್ ಕುರ್ಚಿಯ ಅಂಚಿನಲ್ಲಿ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ಮೇಡಂ, ಪಗಾರ್ ಬಾಂಟನಾ ಹೈ. ಜರಾ ಜಲ್ದಿ ಕರಾಯಿಯೇ," ಎಂದು ನನಗೆ ಹೇಳಿದ. ಪಗಾರ ಹಂಚಬೇಕಂತೆ.

"ನಾಕು ತಿಂಗಳ ನೆನಪಾಗಲಿಲ್ಲ, ಇವತ್ತ ನೆನಪಾತು," ಎಂದು ಗುರಣ್ಣ ತಲೆ ಎತ್ತದೆ ಕನ್ನಡದಲ್ಲಿ ಹೇಳಿದರು. ನಾನು ತುಟಿ ಕಚ್ಚಿ ನಗು ತಡೆದೆ. ಸೇಠ್ ಇನ್ನೂ ಮೂರು ಸಲ ಅದೇ ಮಾತು ಹೇಳಿದ. ನಾವು ಅವನಿಗೆ ಚಹಾ ತರಿಸಿಕೊಟ್ಟೆವು.

ಒಂದೂಮುಕ್ಕಾಲಿಗೆ ವಕೀಲರ ಕಡೆಯವರು ಕೋರ್ಟಿನ ಆದೇಶ ಹಿಡಿದುಕೊಂಡು ಓಡುತ್ತ ಬಂದರು. ಆ ಖಾತೆಯ ಹಣ ಒಂದು ರೂಪಾಯಿಯೂ ಹೊರಗೆ ಹೋಗಕೂಡದು. ಎಣಿಸಿಟ್ಟ ಸಣ್ಣ ನೋಟುಗಳೆಲ್ಲ ಇನ್ನೂ ಕೌಂಟರಿನ ಈ ಬದಿಯಲ್ಲೇ ಇದ್ದವು. ನಾನು ಆದೇಶ ಓದಿ, ಎಲ್ಲವನ್ನೂ ಒಳಗೆ ತೆಗೆದಿಡಲು ಹೇಳಿದೆ. ಸೇಠ್ ಎದ್ದು ನಿಂತ. ಮೇಜಿನ ಮೇಲಿನ ಸಣ್ಣ ನೋಟುಗಳ ಕಡೆ ಕೈ ತೋರಿಸಿದ.

"ಕಮ್ ಸೇ ಕಮ್ ಯೇ ತೋ ಲೇ ಜಾನೇ ದೀಜಿಯೇ," ಅಂದ. ಇಷ್ಟನ್ನಾದರೂ ಒಯ್ಯಲು ಬಿಡಿ.

ಆಗುವುದಿಲ್ಲ ಎಂದೆ. ಆ ಎರಡು ಖಾಲಿ ಚೀಲ ಮಡಚಿಕೊಂಡು ಅವನು ಹೋದ. ಹೊರಗೆ ಜಯಕಾರ ಎದ್ದಿತು. ಯಾರೋ ಚೆಂಡುಹೂವಿನ ಮಾಲೆ ತಂದು ಗುರಣ್ಣನ ಕೊರಳಿಗೆ ಹಾಕಿದರು. ಮಾಣಿಕ ನಗುತ್ತ ಕೆಮ್ಮುತ್ತ ನನ್ನ ಕೈ ಹಿಡಿದುಕೊಂಡ. ಸಂಜೆ ನಗದು ಒಂದು ಪೈಸೆ ಹೆಚ್ಚುಕಡಿಮೆಯಿಲ್ಲದೆ ತಾಳೆಯಾಯಿತು. ಮುಂದಿನ ಭಾನುವಾರ ಬೇಗಂಪೇಟೆಯ ಮನೆಯಲ್ಲಿ ಗುರಣ್ಣ ಪೆಟ್ಟಿಗೆಯಿಂದ ಆ ಹಾಳೆ ತೆಗೆದು, ಲೆಕ್ಕ ಪರಿಶೀಲಿಸುವ ಕೆಂಪು ಪೆನ್ಸಿಲ್ಲಿನಲ್ಲಿ ಐದೂ ಕಲಮುಗಳ ಮುಂದೆ ಗುರುತು ಹಾಕಿ ನನ್ನ ಕೈಗೆ ಕೊಟ್ಟರು. ನನ್ನ ನೌಕರಿಯಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದು ಬರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಒಂದು ವಾರದಲ್ಲಿ ಸೇಠ್ ಕಾಣೆಯಾದ. ಕಾರ್ಖಾನೆಗೆ ಸೀಲು ಬಿತ್ತು. ಹಣ ನಮ್ಮಲ್ಲೇ ಇತ್ತು. ಆದರೆ ಅದಕ್ಕೆ ಹಕ್ಕುದಾರರು ಎಲ್ಲೆಲ್ಲಿಂದಲೋ ಎದ್ದು ಬಂದರು. ತೆರಿಗೆಯವರು ಬಂದರು, ಸಾಲ ಕೊಟ್ಟವರು ಬಂದರು, ಕಚ್ಚಾ ಸಾಮಾನು ಕೊಟ್ಟವರು ಬಂದರು. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ಮಾಣಿಕ ಪ್ರತಿ ತಿಂಗಳು ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ.

"ರೊಕ್ಕ ಇಲ್ಲೇ ಅದಽ ಇಲ್ಲ ಅಕ್ಕಾರ?"

"ಐತಿ ಮಾಣಿಕ. ಎಲ್ಲೂ ಹೋಗಿಲ್ಲ."

"ಹಂಗಿದ್ರ ಬರ್ತದ ಬಿಡ್ರಿ."

ಮೊದಮೊದಲು ಆ ಉತ್ತರ ಹೆಮ್ಮೆಯಿಂದ ಕೊಡುತ್ತಿದ್ದೆ. ಎರಡನೇ ವರ್ಷ ಅವನು ಬಾಗಿಲಲ್ಲಿ ಕಂಡರೆ ಒಳಗೆ ಫೈಲು ಹುಡುಕಲು ಹೋಗುತ್ತಿದ್ದೆ. ಜಹೀರಾಬಾದಿನ ಗಿರಣಿಯನ್ನು ಬೇರೆ ಯಾರೋ ಕೊಂಡರು. ಮಾಣಿಕ ಇನ್ನೊಂದು ಕಾರ್ಖಾನೆಯಲ್ಲಿ ಅದೇ ಪುಡಿಯ ಕೆಲಸಕ್ಕೆ ಸೇರಿದ. ನಾಲ್ಕನೇ ವರ್ಷ ತೀರಿಕೊಂಡ. ಸುದ್ದಿ ನನಗೆ ತಿಳಿದದ್ದು ತಿಂಗಳ ಮೇಲೆ, ಅವನು ಯಾಕೆ ಬರಲಿಲ್ಲ ಎಂದು ನಾನೇ ವಿಚಾರಿಸಿದಾಗ.

ನಡುವೆ ಬ್ಯಾಂಕಿನ ಕೆಲಸವೇ ಬೇರೆಯಾಯಿತು. ಹಿತ್ತಾಳೆಯ ಟೋಕನ್ ಹೋಯಿತು, ಉದ್ದ ಲೆಡ್ಜರು ಹೋಯಿತು, ಕಂಪ್ಯೂಟರ್ ಬಂತು. ನೋಟು ಎಣಿಸುವ ಯಂತ್ರ ಬಂದ ದಿನ ಗುರಣ್ಣ ಅದು ಎಣಿಸಿದ ಕಟ್ಟನ್ನು ಮತ್ತೊಮ್ಮೆ ಕೈಯಿಂದ ಎಣಿಸಿದರು. ಒಂದು ಕೂಡ ತಪ್ಪಿರಲಿಲ್ಲ. "ಆತು, ಇನ್ನ ನಾ ಮನಿಗೆ ಹೋಗಬಹುದು," ಅಂದರು. ಅದೇ ವರ್ಷ ನಿವೃತ್ತರಾದರು. ಯಂತ್ರಕ್ಕೆ ನಿಧಾನವಾಗಿ ಎಣಿಸಲು ಬರುವುದಿಲ್ಲ ಎಂದು ನಾನು ಆಗ ಯೋಚಿಸಿದ್ದು ನೆನಪಿದೆ. ಹಾಗೆ ಯೋಚಿಸಿ ನಿಟ್ಟುಸಿರು ಬಿಟ್ಟೆನೋ ಸಮಾಧಾನಪಟ್ಟೆನೋ, ಅದು ಮರೆತಿದೆ.

ಹನ್ನೊಂದು ವರ್ಷಕ್ಕೆ ಕೋರ್ಟು ಹಣ ಹಂಚಲು ಹೇಳಿತು. ಆಗ ನಾನು ಬೇರೆ ಶಾಖೆಯಲ್ಲಿದ್ದೆ. ರಜೆ ಹಾಕಿ ಜೀಡಿಮೆಟ್ಲಾಕ್ಕೆ ಹೋಗಿ ಹಳೆಯ ಮೇಜಿನ ಪಕ್ಕ ಒಂದು ಸ್ಟೂಲಿನ ಮೇಲೆ ಕೂತೆ. ಕಮಲಾಬಾಯಿ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಮಾಣಿಕನ ಪಾಲಿಗೆ ಬಂದ ಹಣ ಕೈಗೆ ಕೊಟ್ಟಾಗ ಒಮ್ಮೆ ನೋಡಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಗಿರಣಿ ತಿರಗಸೂ ಪಟ್ಟಾ ಬರ್ತದ ನೋಡ್ರಿ ಇದ್ರಾಗ," ಅಂದಳು. "ಗಿರಣಿ ಬರಂಗಿಲ್ಲ."

ನನಗೆ ಏನಾದರೂ ಹೇಳಬೇಕಿತ್ತು. ಸೇಠ್ ಅವತ್ತು ಹಣ ಒಯ್ದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ. ಕಮಲಾಬಾಯಿ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ಅವತ್ತ ಮುಂಜಾನಿ ನಾ ಆಫೀಸ ಕಸ ಹೊಡದೀನಿ. ಮೇಜಿನ ಮ್ಯಾಲ ಲಕೋಟಿ ಹಚ್ಚಿಟ್ಟಿದ್ರು, ಸಾಲಾಗಿ. ಪಗಾರದ ಖಾಲಿ ಲಕೋಟಿ, ಒಂದೊಂದಕ್ಕೂ ಹೆಸರು ಬರದು. ಓದಾಕ ಬರಲ್ಲ ನಂಗ, ಮುನೀಮರು ಓದಿ ತೋರ್ಸಿದ್ರು. ನಮ್ಮವರ ಹೆಸರು ಮೂರನೇದಿತ್ತು."

"ಅವತ್ತಽ ಯಾಕ ಹೇಳಲಿಲ್ಲ ಕಮಲಾಬಾಯಿ?"

"ನಂಗ ಯಾರು ಕೇಳ್ಯಾರ್ರಿ? ನಮ್ಮವರು ಗೇಟಿನಾಗಿಂದ ಸೀದಾ ಬ್ಯಾಂಕಿಗಿ ಬಂದ್ರು."

ಆಕೆ ಹೋದ ಮೇಲೆ ನನಗೆ ಆ ಚೀಟಿ ನೆನಪಾಯಿತು. ಎರಡರ ನೋಟು, ಐದರ ನೋಟು, ಹತ್ತರ ನೋಟು. ನಾಲ್ಕು ವರ್ಷ ಕೌಂಟರಿನಲ್ಲಿ ಕೂತ ಯಾವ ಗುಮಾಸ್ತೆಗಾದರೂ ಗೊತ್ತಿರುವ ಮಾತು: ಪಗಾರ ಹಂಚುವವನು ಚಿಲ್ಲರೆ ಕೇಳುತ್ತಾನೆ, ಓಡಿಹೋಗುವವನು ನೂರರ ಕಟ್ಟು ಕೇಳುತ್ತಾನೆ. ಅವನು ಎರಡನ್ನೂ ಕೇಳಿದ್ದ. ಪಗಾರ ಕೊಟ್ಟು, ಉಳಿದದ್ದನ್ನು ಹೊತ್ತು ಓಡುವವನಿದ್ದ. ನಾವು ಅವನ ಚೀಟಿಯನ್ನೇ ಹಿಡಿದು, ಅವರ ಪಗಾರವನ್ನೇ ನಿಧಾನವಾಗಿ ಎಣಿಸಿ ತಡೆದೆವು. ಕೊನೆಗೆ ಇಷ್ಟನ್ನಾದರೂ ಒಯ್ಯಲು ಬಿಡಿ ಎಂದು ಅವನು ಕೈ ತೋರಿಸಿದ್ದು ಆ ನೋಟುಗಳ ಕಡೆಗೇ.

ಸ್ಟೂಲಿನಿಂದ ಎದ್ದವಳು ಸೀದಾ ಬೇಗಂಪೇಟೆಗೆ ಹೋದೆ. ಗುರಣ್ಣ ಅದೇ ಮನೆಯಲ್ಲಿದ್ದರು, ಅದೇ ಕಿಟಕಿಯ ಪಕ್ಕ ಕೂತಿದ್ದರು. ಸುಶೀಲಾಬಾಯಿ ತಟ್ಟೆ ತಂದಿಟ್ಟರು, ನಾನು ಮುಟ್ಟಲಿಲ್ಲ. ಲಕೋಟೆಗಳ ವಿಷಯ ಹೇಳಿದೆ. ಒಂದು ರೈಲು ಬಂತು, ಕಿಟಕಿ ನಡುಗಿತು. ಅದು ಪೂರಾ ದಾಟುವ ತನಕ ಅವರು ಕಾದರು.

"ಚೀಟಿ ನೆನಪೈತೇನು ನಿನಗ?" ಎಂದು ಕೇಳಿದರು.

"ಇವತ್ತ ನೆನಪಾತ್ರಿ."

"ನನಗ ಐದನೇ ಕಟ್ಟು ಎಣಸೂ ಮುಂದಽ ತಿಳೀತು."

ನನಗೆ ಕೂತಲ್ಲಿ ಕೂರಲು ಆಗಲಿಲ್ಲ, ಎದ್ದು ನಿಂತೆ. "ಮತ್ತ ಯಾಕ ಬಾಯಿ ಬಿಡಲಿಲ್ರಿ?"

ಗುರಣ್ಣ ತಮ್ಮ ಬೆರಳುಗಳನ್ನು ನೋಡಿಕೊಂಡರು. ಅಷ್ಟು ವರ್ಷ ನೋಟು ಎಣಿಸಿದ ಬೆರಳುಗಳ ತುದಿ ನುಣ್ಣಗೆ ಸವೆದಿತ್ತು.

"ಕಿಟಕ್ಯಾಗ ಅಷ್ಟು ಮಂದಿ ನಿಂತು ನೋಡಾಕತ್ತಿದ್ರು ತಂಗಿ. ನಿಧಾನ ಎಣಸಿದಷ್ಟೂ ಖುಷಿ ಪಡತಿದ್ರು. ಅವರ ಮುಂದ ಬಿರಬಿರ ಎಣಸಾಕ ನನಗ ಕೈ ಬರಲಿಲ್ಲ."

ಅವರ ಮೇಲೆ ಕೂಗಾಡಬೇಕು ಅನಿಸಿತು. ಆದರೆ ಕಿಟಕಿಯಲ್ಲಿ ಅವರು ಕಂಡ ಮುಖಗಳನ್ನು ನಾನೂ ಕಂಡಿದ್ದೆ. ಆ ದಿನ ನಕ್ಕವಳು ನಾನು, ಚಹಾ ತರಿಸಿದವಳೂ ನಾನು. ಚೆಕ್ಕು ಪಾಸು ಮಾಡುವಾಗ ಚೀಟಿಯನ್ನು ಮೊದಲು ಓದಿದವಳೂ ನಾನೇ. ಗುರಣ್ಣನಿಗೆ ಐದನೇ ಕಟ್ಟಿನಲ್ಲಿ ತಿಳಿದದ್ದು ನನಗೆ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ಆಮೇಲೆ ನಾವಿಬ್ಬರೂ ಈ ಮಾತು ಮತ್ತೆ ಎತ್ತಲಿಲ್ಲ. ಕೆಲವು ವರ್ಷಕ್ಕೆ ಅವರೂ ಹೋದರು.

ನಾನು ನಿವೃತ್ತಳಾದ ಮೇಲೆ ಒಂದು ಸಂಜೆ ಸರ್ಕಾರ ದೊಡ್ಡ ನೋಟುಗಳನ್ನು ರದ್ದು ಮಾಡಿತು. ಒಂದು ದಿನ ಬಿಟ್ಟು ಬ್ಯಾಂಕು ತೆರೆದಾಗ ಕೌಂಟರಿನ ಹೊರಬದಿಯ ಸಾಲಿನಲ್ಲಿ ನಾನೂ ನಿಂತೆ. ಹಣವನ್ನು ರದ್ದು ಮಾಡಲು ಕ್ರಾಂತಿಯೇ ಬೇಕು ಎಂದು ಆರು ಜನ ಎಷ್ಟು ಭಾನುವಾರ ಹಾಳು ಮಾಡಿದ್ದೆವು! ಕೌಂಟರಿನ ಒಳಗೆ ಒಬ್ಬ ಹುಡುಗಿ ಬೆವರುತ್ತಿದ್ದಳು. ಒಬ್ಬ ಮುದುಕ ಬೆವರಿಗೆ ಮೆತ್ತಗಾದ ನೋಟು ಮುಂದಿಟ್ಟಾಗ ಅವಳು ಮೂಗು ಮುರಿಯಲಿಲ್ಲ, ಬಿಡಿಸಿ ತೆಗೆದುಕೊಂಡಳು. ಗುರಣ್ಣ ಇದ್ದಿದ್ದರೆ ಮೆಚ್ಚುತ್ತಿದ್ದರು.

ಹೊಸ ಹುಡುಗರಿಗೆ ನಾನು ಹೇಳಬೇಕಾದದ್ದು ದೊಡ್ಡದೇನೂ ಇಲ್ಲ. ನೀವು ಬಡವರ ಪರವೋ ಶ್ರೀಮಂತರ ಪರವೋ ಅದು ನಿಮಗೆ ಬಿಟ್ಟದ್ದು. ನಾನು ಇವತ್ತಿಗೂ ಯಾರ ಪರ ಎಂಬುದರಲ್ಲಿ ಬದಲಾವಣೆಯಿಲ್ಲ. ಆದರೆ ಚೀಟಿ ಬಂದರೆ ಪೂರ್ತಿ ಓದಿ. ಮತ್ತು ಕಸ ಹೊಡೆಯುವವಳನ್ನು ಒಂದು ಮಾತು ಕೇಳಿ. ಇಷ್ಟು ಮಾಡಿದ್ದರೆ ಬೀದರ್ ಕಡೆಯ ಒಂದು ಊರಿನಲ್ಲಿ ಇವತ್ತು ಒಂದು ಗಿರಣಿ ತಿರುಗುತ್ತಿತ್ತು.

ಸಂಘದವರೇ, ಈ ಬರಹದ ಜೊತೆಗೆ ಆ ಉದ್ದ ಹಾಳೆಯನ್ನೂ ಕಳಿಸುತ್ತಿದ್ದೇನೆ. ನಾನು ಮನೆಯಲ್ಲಿ ಇಟ್ಟುಕೊಂಡರೆ ದಿನಕ್ಕೆರಡು ಸಲ ತೆಗೆದು ನೋಡುತ್ತೇನೆ. ಎರಡನೇ ಕಲಮು ನನ್ನ ಅಕ್ಷರದಲ್ಲೇ ಇದೆ: ಕೂಲಿ ಮತ್ತು ಸಂಬಳದ ಹಣ ಎಲ್ಲಕ್ಕಿಂತ ಮೊದಲು ಹೋಗತಕ್ಕದ್ದು. ಅದರ ಮುಂದಿನ ಕೆಂಪು ಗುರುತನ್ನು ಅಳಿಸಲು ಹೋಗಿ ಕಾಗದ ಸ್ವಲ್ಪ ಹರಿದಿದೆ, ಗುರುತು ಹೋಗಿಲ್ಲ. ಹಾಳೆಯನ್ನು ಯಾರಿಗಾದರೂ ತೋರಿಸುವುದಾದರೆ ದಯವಿಟ್ಟು ಹೇಳಿ, ಆ ಒಂದು ಗುರುತು ಸುಳ್ಳು.